ಬಂಡೆ ಖಾಲಿ ಎಂದು ಬರೆಯುವ ಮುನ್ನ ಗಡಿಯಾರ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಊರಿನ ಕೆರೆಯ ಏರಿ ದಾಟಿದರೆ ಒಂದು ಬಂಡೆಗುಡ್ಡವಿದೆ. ಕಳೆದ ಏಪ್ರಿಲ್ ಕೊನೆಯ ವಾರದಲ್ಲಿ ಇಬ್ಬರು ಯುವಕರು ಮತ್ತು ಒಬ್ಬ ಯುವತಿ ಅಲ್ಲಿಗೆ ಬಂದಿದ್ದರು. ಊರಿನ ಜೀವವೈವಿಧ್ಯ ದಾಖಲಾತಿಗೆ ವಿವರ ಸೇರಿಸುವುದು ಅವರ ಕೆಲಸ. ಗುಡ್ಡ ಹತ್ತಿದಾಗ ಹನ್ನೆರಡೂ ಇಪ್ಪತ್ತು, ಇಳಿದಾಗ ಒಂದೂ ಕಾಲು. ಬಿಸಿಲಿಗೆ ಬಸವಳಿದಿದ್ದ ಅವರನ್ನು ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆವು. ಆಗ ಅವರ ನಮೂನೆಯ ಹಾಳೆ ನನ್ನ ಕಣ್ಣಿಗೆ ಬಿತ್ತು. ‘ಸರೀಸೃಪಗಳು’ ಎಂಬ ಸಾಲಿನ ಮುಂದೆ ‘ಕಂಡುಬಂದಿಲ್ಲ’ ಎಂದು ಬರೆದಿತ್ತು.

ಆ ಗುಡ್ಡದಲ್ಲಿ ಓತಿಕ್ಯಾತಗಳಿವೆ, ನಾನು ಹನ್ನೊಂದು ವರ್ಷಗಳಿಂದ ನೋಡುತ್ತಿದ್ದೇನೆ ಎಂದೆ. ಯುವತಿ ಬಹಳ ವಿನಯದಿಂದ, ‘ಕಂಡದ್ದನ್ನು ಮಾತ್ರ ಬರೆಯಬೇಕು ಸರ್, ಕೇಳಿದ್ದನ್ನು ಬರೆಯುವಂತಿಲ್ಲ’ ಎಂದಳು. ಅವಳ ಮಾತು ಸರಿ. ಇಪ್ಪತ್ತೆಂಟು ವರ್ಷ ದಾಖಲೆ ಪುಸ್ತಕ ತುಂಬಿದವನು ನಾನು. ಕಂಡದ್ದನ್ನೇ ಬರೆಯುವ ಹುಡುಗಿಯ ಮೇಲೆ ನನಗೆ ಗೌರವವೇ ಹುಟ್ಟಿತು. ನನ್ನ ದೂರು ಅವರ ಮೇಲಲ್ಲ, ಆ ಹಾಳೆಯ ಮೇಲೆ. ಅದರಲ್ಲಿ ದಿನಾಂಕಕ್ಕೆ ಜಾಗವಿತ್ತು, ಹೊತ್ತಿಗೆ ಇರಲಿಲ್ಲ.

ನಾನು ಒಂದು ಕೃಷಿ ಕ್ಷೇತ್ರದ ಹವಾಮಾನ ಕೇಂದ್ರದಲ್ಲಿ ವೀಕ್ಷಕನಾಗಿದ್ದೆ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ ಉಷ್ಣಮಾಪಕಗಳನ್ನು ಓದಿ ಬರೆಯುವುದು ನನ್ನ ಕೆಲಸ. ಒಣ ಬಲ್ಬು, ತೇವ ಬಲ್ಬು, ಗರಿಷ್ಠ, ಕನಿಷ್ಠ, ಮಣ್ಣಿನೊಳಗೆ ಹೂತ ಮೂರು ಮಾಪಕಗಳು, ಮಳೆಮಾಪಕ. ನನಗೆ ಕೆಲಸ ಕಲಿಸಿದ ಹಿರಿಯರು, ಹೊತ್ತು ಬರೆಯದ ಅಂಕಿಯನ್ನು ಅಂಕಿಯೆಂದೇ ಎಣಿಸುತ್ತಿರಲಿಲ್ಲ. ಐದು ನಿಮಿಷ ತಡವಾಗಿ ಓದಿದ್ದರೆ ಪಕ್ಕದಲ್ಲಿ ಅದನ್ನೂ ಬರೆಯಬೇಕಿತ್ತು.

ಆ ಕೆಲಸದಲ್ಲಿ ಕಲಿತ ಇನ್ನೊಂದು ವಿಷಯವನ್ನು ಹೇಳದೆ ಈ ಪತ್ರ ಮುಂದೆ ಹೋಗುವುದಿಲ್ಲ. ಪತ್ರಿಕೆಯಲ್ಲಿ ನೀವು ಅಚ್ಚು ಹಾಕುವ ‘ಗರಿಷ್ಠ ಉಷ್ಣಾಂಶ’ ಎಲ್ಲಿಯದು ಎಂದು ಬಹಳ ಜನರಿಗೆ ಗೊತ್ತಿಲ್ಲ. ಅದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳಿರುವ, ಕಾಲುಗಳ ಮೇಲೆ ನಿಂತ ಮರದ ಪೆಟ್ಟಿಗೆಯೊಳಗಿನದು. ಬಿಸಿಲು ಒಳಗೆ ಬೀಳಬಾರದೆಂದು ನಮ್ಮಲ್ಲಿ ಅದರ ಬಾಗಿಲನ್ನು ಉತ್ತರಕ್ಕೆ ಇಟ್ಟಿರುತ್ತಾರೆ. ಅಂದರೆ ಅದು ನಾಲ್ಕು ಅಡಿ ಎತ್ತರದಲ್ಲಿ, ನೆರಳಿನಲ್ಲಿ ಇರುವ ಗಾಳಿಯ ಬಿಸಿ. ಆ ಎತ್ತರದಲ್ಲಿ, ಆ ನೆರಳಿನಲ್ಲಿ ಬಂಡೆಯ ಓತಿಕ್ಯಾತ ಬದುಕುವುದಿಲ್ಲ. ಅದು ಬದುಕುವುದು ಬಂಡೆಯ ಚರ್ಮಕ್ಕೆ ಹೊಟ್ಟೆ ತಾಗಿಸಿಕೊಂಡು. ನಿವೃತ್ತನಾದ ಮೇಲೆ ನಾನು ಮಾಡಬೇಕೆಂದುಕೊಂಡದ್ದು ಒಂದೇ: ಪೆಟ್ಟಿಗೆ ಬಿಟ್ಟು ಬಂಡೆಯನ್ನು ಓದುವುದು.

ಮಗಳು ಒಂದು ಇನ್‌ಫ್ರಾರೆಡ್ ಮಾಪಕ ತಂದುಕೊಟ್ಟಳು. ಗುರಿಯಿಟ್ಟು ಗುಂಡಿ ಒತ್ತಿದರೆ ಕಲ್ಲಿನ ಮೇಲ್ಮೈಯ ಬಿಸಿ ತೋರಿಸುತ್ತದೆ. ಒಂದು ಇನ್ನೂರು ಪುಟದ ಲೆಕ್ಕದ ಪುಸ್ತಕ, ಒಂದು ಕೊಡೆ, ಮೊಮ್ಮಗನ ಹಳೆಯ ಪ್ಲಾಸ್ಟಿಕ್ ಸ್ಟೂಲು. ಇಷ್ಟೇ ನನ್ನ ವೀಕ್ಷಣಾಲಯ. ಕಳೆದ ವರ್ಷ ಮೇ ತಿಂಗಳ ಒಂದು ನಿರ್ಮಲ ದಿನದ ಪುಟವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆ ಯುವಕರು ನೋಡಲಾಗದೆ ಹೋದದ್ದು ಅದರಲ್ಲಿದೆ.

ಬೆಳಿಗ್ಗೆ ಆರೂ ಮುಕ್ಕಾಲು. ಬಂಡೆ 25 ಡಿಗ್ರಿ. ಯಾರೂ ಇಲ್ಲ. ಏಳೂ ಕಾಲಿಗೆ ಪೂರ್ವದ ಸೀಳಿನಿಂದ ಒಂದು ತಲೆ ಮಾತ್ರ ಹೊರಬಂತು. ಮೈಯೆಲ್ಲ ನೆರಳಿನಲ್ಲಿ, ತಲೆ ಬಿಸಿಲಿನಲ್ಲಿ. ಹತ್ತು ನಿಮಿಷ ಹಾಗೆಯೇ ಇತ್ತು. ಓತಿಕ್ಯಾತದ ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಸಣ್ಣದೊಂದು ಮೂರನೆಯ ಕಣ್ಣಿದೆ. ಬಿಂಬ ಕಾಣುವುದಿಲ್ಲ, ಬೆಳಕಿನ ಹೆಚ್ಚು ಕಡಿಮೆಯನ್ನು ತಿಳಿಯುತ್ತದೆ. ಆಮೇಲೆ ಪೂರ್ತಿ ಹೊರಬಂದು, ಪಕ್ಕೆಲುಬು ಅಗಲಿಸಿ ಮೈ ಚಪ್ಪಟೆ ಮಾಡಿಕೊಂಡು, ಸೂರ್ಯನಿಗೆ ಅಡ್ಡಲಾಗಿ ಮಲಗಿತು. ಬಣ್ಣ ಮಸಿ ಕಂದು. ಗಾಢ ಬಣ್ಣ ಬಿಸಿಲನ್ನು ಬೇಗ ಹೀರುತ್ತದೆ ಎಂಬುದು ಕರಿ ಕಂಬಳಿ ಹೊದ್ದ ಕುರುಬನಿಗೂ ಗೊತ್ತು.

ಈ ಹೊತ್ತಿನ ಬಗ್ಗೆ ಒಂದು ಮಾತು. ನಾವು ಹುಡುಗರಾಗಿದ್ದಾಗ ಭಾನುವಾರ ಬೆಳಿಗ್ಗೆ ಓತಿಕ್ಯಾತಗಳಿಗೆ ಕಲ್ಲು ಹೊಡೆಯುತ್ತಿದ್ದೆವು. ಮಧ್ಯಾಹ್ನ ಹೊಡೆದರೆ ಒಂದೂ ಸಿಗುತ್ತಿರಲಿಲ್ಲ, ಬೆಳಿಗ್ಗೆ ಸಿಗುತ್ತಿದ್ದವು. ನಮ್ಮ ಗುರಿ ಬೆಳಿಗ್ಗೆ ಚೆನ್ನಾಗಿರುತ್ತದೆ ಎಂದುಕೊಂಡಿದ್ದೆವು. ಮೈ ತಣ್ಣಗಿರುವಾಗ ಅವುಗಳ ಸ್ನಾಯು ಬೇಗ ಓಡಲು ಬಿಡುವುದಿಲ್ಲ ಎಂದು ತಿಳಿದದ್ದು ಅರವತ್ತು ದಾಟಿದ ಮೇಲೆ. ಇಸ್ರೇಲಿನಲ್ಲಿ ಇದೇ ಕುಟುಂಬದ ಓತಿಕ್ಯಾತಗಳ ಮೇಲೆ ನಡೆದು 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಸಿಯಾದವು ಅಪಾಯ ಕಂಡರೆ ಓಡಿದವು, ತಣ್ಣಗಿದ್ದವು ನಿಂತಲ್ಲೇ ಬಾಯಿ ತೆರೆದು ಎದುರಿಸಿದವು ಎಂದು ಬರೆದಿದೆ. ನಮ್ಮ ಕಲ್ಲಿನ ಮುಂದೆ ಬಾಯಿ ತೆರೆದು ನಿಂತದ್ದನ್ನು ನಾನು ಕಂಡಿದ್ದೇನೆ. ಆಗ ನಾವು ಅದನ್ನು ಕೊಬ್ಬು ಎಂದು ಕರೆದೆವು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎಂಟೂವರೆ. ಬಂಡೆ 34. ಗುಡ್ಡಕ್ಕೆ ಜೀವ ಬಂತು. ದೊಡ್ಡ ಗಂಡು ಎಲ್ಲಕ್ಕಿಂತ ಎತ್ತರದ ಗುಂಡಿನ ನೆತ್ತಿಗೆ ಏರಿತ್ತು. ಮುಂಜಾನೆಯ ಮಸಿ ಬಣ್ಣ ಹೋಗಿ ಬೆನ್ನು ಕೆಂಡದಂತಾಗಿತ್ತು, ಪಕ್ಕೆಗಳು ಕಪ್ಪು. ಮುಂಗಾಲುಗಳನ್ನು ಮಡಿಸಿ ಎತ್ತಿ ದಂಡ ಹೊಡೆಯುತ್ತಿತ್ತು. ಗರಡಿಯಲ್ಲಿ ಪೈಲ್ವಾನರು ಹೊಡೆದಂತೆಯೇ. ಕೆಳಗೆ ಎರಡು ಹೆಣ್ಣುಗಳು, ಕಲ್ಲಿನ ಬಣ್ಣದವು, ಚುಕ್ಕೆ ಚುಕ್ಕೆ ಮೈ, ಇರುವೆಗಳ ಸಾಲಿನ ಪಕ್ಕದಲ್ಲಿ ಕೂತು ಒಂದೊಂದನ್ನೇ ಹೆಕ್ಕುತ್ತಿದ್ದವು. ಒಂಬತ್ತೂವರೆಯವರೆಗೆ ನಾನು ಎಣಿಸಿದ್ದು ಒಟ್ಟು ಹದಿನಾಲ್ಕು. ಊಟ, ಜಗಳ, ಸರಸ, ಗಡಿಯ ಕಾವಲು ಎಲ್ಲವೂ ಈ ಒಂದು ಗಂಟೆಯಲ್ಲಿ ನಡೆಯಿತು.

ಹತ್ತೂಕಾಲು. ಬಂಡೆ 45. ಈಗ ನೋಡಬೇಕಾದದ್ದು ಅವುಗಳ ಕಾಲು. ಮೊದಲು ಕಲ್ಲಿಗೆ ಅಂಟಿದ್ದ ಹೊಟ್ಟೆ ಮೇಲೆದ್ದಿತು. ಬಾಲ ಮೇಲೆದ್ದಿತು. ಬೆರಳುಗಳನ್ನೂ ಎತ್ತಿ ಹಿಮ್ಮಡಿಯ ಮೇಲೆ ನಿಂತವು. ಬೆಳಿಗ್ಗೆ ಸೂರ್ಯನಿಗೆ ಅಡ್ಡ ನಿಂತದ್ದು ಈಗ ಮುಖ ಕೊಟ್ಟು ನಿಂತಿತು, ಮೈಗೆ ಬೀಳುವ ಬಿಸಿಲು ಕಡಿಮೆಯಾಗಲಿ ಎಂದು. ಒಂದೊಂದಾಗಿ ಬಂಡೆಯ ಪಡುವಣ ಮಗ್ಗುಲಿಗೆ ಸರಿದವು. ದೊಡ್ಡ ಗಂಡು ಎಲ್ಲರಿಗಿಂತ ಕೊನೆಗೆ ಇಳಿಯಿತು. ಎತ್ತರದ ಜಾಗ ಬಿಡುವುದು ಅದಕ್ಕೆ ಸುಲಭವಲ್ಲ. ಹನ್ನೊಂದೂ ಹತ್ತಕ್ಕೆ ಅದೂ ಸೀಳಿನೊಳಗೆ ಹೋಯಿತು.

ಮಧ್ಯಾಹ್ನ ಹನ್ನೆರಡೂವರೆ. ಬಂಡೆಯ ಮೇಲ್ಮೈ 56 ಡಿಗ್ರಿ. ಅದೇ ಬಂಡೆಯ ಸೀಳಿನಲ್ಲಿ, ಮೊಣಕೈವರೆಗೆ ಕೈ ಹೋಗುವಷ್ಟು ಒಳಗೆ, 33. ಎರಡರ ನಡುವೆ ಒಂದು ಮೊಳ ದೂರ. ಸಾಯುವುದಕ್ಕೂ ಬದುಕುವುದಕ್ಕೂ ಇರುವ ಅಂತರ ಆ ಒಂದು ಮೊಳ. ಬಹಳಷ್ಟು ಹಲ್ಲಿ–ಓತಿಗಳಿಗೆ ತಮಗೆ ಹಿತವಾದ ಮೈಬಿಸಿಗಿಂತ ಕೆಲವೇ ಡಿಗ್ರಿ ಮೇಲೆ ಸಾವು ಕಾದಿರುತ್ತದೆ. ಅಮೆರಿಕದ ಮರುಭೂಮಿಯಲ್ಲಿ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬ ಇಬ್ಬರು ಇದನ್ನು 1944ರಲ್ಲೇ ತೋರಿಸಿಕೊಟ್ಟರು: ಸರೀಸೃಪಗಳು ಬಿಸಿಲಿಗೂ ನೆರಳಿಗೂ ಓಡಾಡುತ್ತಾ ತಮ್ಮ ಮೈಬಿಸಿಯನ್ನು ಗೊತ್ತಾದ ಒಂದು ಮಟ್ಟದ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ನಮ್ಮ ದೇಹ ಅನ್ನವನ್ನು ಉರಿಸಿ ಒಳಗಿನಿಂದ ಮಾಡುವ ಕೆಲಸವನ್ನು ಅವು ಕಾಲಿನಿಂದ ಮಾಡುತ್ತವೆ.

ಅದಕ್ಕೇ ಪಠ್ಯಪುಸ್ತಕಗಳಲ್ಲಿ, ನಿಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿಯೂ, ‘ಶೀತರಕ್ತ ಪ್ರಾಣಿ’ ಎಂಬ ಮಾತು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಒಂಬತ್ತು ಗಂಟೆಯ ಬಂಡೆಯ ಮೇಲಿನ ಓತಿಕ್ಯಾತದ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರುತ್ತದೆ. ಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ ಎಂದರೆ ಸಾಕು. ಆ ಪದವನ್ನು ದಯವಿಟ್ಟು ಕೈಬಿಡಿ.

ನನ್ನ ಪುಟಕ್ಕೆ ಮರಳುತ್ತೇನೆ. ಹನ್ನೊಂದೂ ಹತ್ತರಿಂದ ನಾಲ್ಕೂ ಇಪ್ಪತ್ತರವರೆಗೆ ಒಂದೇ ಒಂದು ಓತಿಕ್ಯಾತವೂ ಹೊರಗೆ ಕಾಣಲಿಲ್ಲ. ಐದು ಗಂಟೆಗೂ ಹೆಚ್ಚು ಹೊತ್ತು ಗುಡ್ಡ ನಿರ್ಜೀವ. ಆ ಮೂವರು ನಿಂತದ್ದು ಇಂತಹ ಹೊತ್ತಿನ ನಟ್ಟನಡುವೆ. ಅವರ ಕಾಲ ಕೆಳಗೆ, ಸೀಳುಗಳಲ್ಲಿ, ಹದಿನಾಲ್ಕಲ್ಲದಿದ್ದರೆ ಹತ್ತಾದರೂ ಇದ್ದಿರಬೇಕು. ನಾಲ್ಕೂವರೆಯ ಮೇಲೆ ನೆರಳಿನ ಮಗ್ಗುಲಿನಿಂದ ಮತ್ತೆ ಹೊರಬಂದು ಒಂದೂವರೆ ಗಂಟೆ ಮೇಯುತ್ತವೆ. ಹೊತ್ತು ಮುಳುಗುವಾಗ ಗಾಳಿ ತಣ್ಣಗಾದರೂ ಕಲ್ಲು ಇನ್ನೂ 38ರಲ್ಲಿರುತ್ತದೆ. ಆಗ ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಮಲಗುತ್ತವೆ. ತಿಂದದ್ದು ಅರಗಲಿಕ್ಕೂ ಬಿಸಿ ಬೇಕು.

ಮಳೆಗಾಲದ ಮೋಡದ ದಿನ ಈ ಮಧ್ಯಾಹ್ನದ ಬಿಡುವು ಇರುವುದಿಲ್ಲ, ಒಂದು ಗಂಟೆಗೂ ಹೊರಗಿರುತ್ತವೆ. ಡಿಸೆಂಬರಿನಲ್ಲಿ ಒಂಬತ್ತೂವರೆಯ ಮುಂಚೆ ಏಳುವುದಿಲ್ಲ, ನಾಲ್ಕೂವರೆಗೆ ಮಲಗಿಬಿಡುತ್ತವೆ. ಬೇಲಿಯ ಓತಿಕ್ಯಾತದ ಲೆಕ್ಕ ಬೇರೆ, ಅದಕ್ಕೆ ಎಲೆಯ ನೆರಳು ಕೈಗೆಟಕುವಷ್ಟು ಹತ್ತಿರ. ಹಾವುರಾಣಿ ತರಗಲೆಯಲ್ಲೇ ಬಿಸಿ–ತಂಪು ಹುಡುಕಿಕೊಳ್ಳುತ್ತದೆ. ಮನೆಯ ಹಲ್ಲಿಗೆ ಸೂರ್ಯನೇ ಬೇಡ, ಹಗಲಿಡೀ ಬಿಸಿಯಾದ ಗೋಡೆ ರಾತ್ರಿ ಅದಕ್ಕೆ ಒಲೆ. ಒಂದೇ ಹೊತ್ತಿನಲ್ಲಿ ಹೋಗಿ ಎಲ್ಲವನ್ನೂ ಎಣಿಸಿಬಿಡುತ್ತೇವೆ ಎನ್ನುವುದು ಆಗದ ಮಾತು.

ಇದೆಲ್ಲ ಒಬ್ಬ ನಿವೃತ್ತನ ಹವ್ಯಾಸವಾಗಿ ನನ್ನ ಲೆಕ್ಕದ ಪುಸ್ತಕದಲ್ಲೇ ಉಳಿಯುತ್ತಿತ್ತು. ಆದರೆ ಈಗ ಆ ‘ಕಂಡುಬಂದಿಲ್ಲ’ ಎಂಬ ಒಂದು ಪದದ ಮೇಲೆ ಒಂದು ಯೋಜನೆ ಕೂತಿದೆ. ಗುಡ್ಡವನ್ನು ‘ಅಭಿವೃದ್ಧಿ’ ಮಾಡುತ್ತಾರಂತೆ. ಮೆಟ್ಟಿಲು, ಕಬ್ಬಿಣದ ಕಟಕಟೆ, ಕಾಂಕ್ರೀಟಿನ ಅಣಬೆಯಾಕಾರದ ಆಸನಗಳು. ಅವು ಬರಲಿ, ಊರಿನವರು ಸಂಜೆ ಅಲ್ಲಿ ಕೂರಲಿ, ನನಗೂ ಸಂತೋಷವೇ. ಆದರೆ ಅದರ ಜೊತೆ ಎರಡು ಕೆಲಸಗಳಿವೆ. ಹಾವು ಸೇರಿಕೊಳ್ಳುತ್ತವೆ ಎಂದು ಬಂಡೆಯ ಸೀಳುಗಳಿಗೆಲ್ಲ ಸಿಮೆಂಟು ತುಂಬುವುದು ಒಂದು. ಸುತ್ತಲಿನ ತಂಗಡಿ, ಬಂದರೆ, ಕಾರೆ ಗಿಡಗಳನ್ನು ಸವರಿ ‘ಸ್ವಚ್ಛ’ ಮಾಡುವುದು ಇನ್ನೊಂದು. ಆ ಜಾಗದಲ್ಲಿ ಯಾವ ಸರೀಸೃಪವೂ ಇಲ್ಲವೆಂದು ದಾಖಲೆಯೇ ಇದೆಯಲ್ಲ ಎಂದು ಸಭೆಯಲ್ಲಿ ಉತ್ತರ ಬಂತು.

ಸಿಮೆಂಟು ತುಂಬಿದ ಮೇಲೂ ಬಂಡೆ ಬಂಡೆಯಾಗಿಯೇ ಕಾಣುತ್ತದೆ. ಫೋಟೋದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ 56 ಡಿಗ್ರಿಯಿಂದ 33ಕ್ಕೆ ಇಳಿಯುವ ಆ ಒಂದು ಮೊಳದ ದಾರಿ ಮುಚ್ಚಿಹೋಗಿರುತ್ತದೆ. ಮೊದಲ ಬೇಸಗೆಯ ಮೊದಲ ನಿರ್ಮಲ ಮಧ್ಯಾಹ್ನ ಸಾಕು. ಯಾರೂ ಕಲ್ಲು ಹೊಡೆಯಬೇಕಾಗಿಲ್ಲ.

ಗಿಡ ಸವರುವುದರ ಹಾನಿ ತಡವಾಗಿ ತಿಳಿಯುವಂಥದ್ದು. ಹೆಣ್ಣು ಓತಿಕ್ಯಾತ ಬಂಡೆಯ ಮೇಲೆ ಮೊಟ್ಟೆಯಿಡುವುದಿಲ್ಲ. ಬುಡದ ಮಣ್ಣಿಗೆ ಇಳಿದು, ಗುಳಿ ತೋಡಿ, ಇಟ್ಟು ಮುಚ್ಚಿ ಬರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಮ್ಮ ಬೇಲಿಯ ಓತಿಕ್ಯಾತದ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣಾಂಶದಲ್ಲಿಟ್ಟು ನೋಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಅಚ್ಚರಿಯದು. ಮರಿ ಹೆಣ್ಣೋ ಗಂಡೋ ಎಂಬುದು ಮೊಟ್ಟೆ ಇದ್ದ ಜಾಗದ ಬಿಸಿಯ ಮೇಲೆ ನಿಂತಿದೆ. ಬಿಸಿ ಏರುತ್ತಾ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂದು ನಾಲ್ಕು ಪಟ್ಟಿಗಳಾಗಿ ಬದಲಾಗುತ್ತದೆ. ಬಂಡೆಯ ಓತಿಕ್ಯಾತಕ್ಕೂ ಇದೇ ನಿಯಮ ಎಂದು ನಾನು ಹೇಳುತ್ತಿಲ್ಲ. ಆದರೆ ಮಣ್ಣಿನ ಮಾಪಕಗಳನ್ನು ಇಪ್ಪತ್ತೆಂಟು ವರ್ಷ ಓದಿದವನಾಗಿ ಇಷ್ಟು ಬಲ್ಲೆ: ಗಿಡದ ನೆರಳಿನ ಮಣ್ಣೂ ಬೋಳು ಮಣ್ಣೂ ಮೇ ತಿಂಗಳಲ್ಲಿ ಒಂದೇ ಅಲ್ಲ, ಕೈಯಿಟ್ಟರೇ ಗೊತ್ತಾಗುತ್ತದೆ. ಬೇಲಿಯ ಓತಿಕ್ಯಾತಗಳೂ ಅದೇ ಕಾರೆ ಗಿಡಗಳ ಬುಡದಲ್ಲೇ ಇವೆ.

ಬಿಸಿಲು ಏರುತ್ತಿರುವ ವರ್ಷಗಳಿವು ಎಂಬುದನ್ನೂ ಮರೆಯುವಂತಿಲ್ಲ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಯಿತು. ಆ ವಾರ ನಮ್ಮ ಗುಡ್ಡದಲ್ಲಿ ಎಲ್ಲವೂ ಹತ್ತು ಗಂಟೆಯೊಳಗೆ ಸೀಳು ಸೇರಿದ್ದವು ಎಂದು ನನ್ನ ಪುಸ್ತಕದಲ್ಲಿದೆ. ಒಂದು ಗಂಟೆ ಮುಂಚೆ ಒಳಗೆ ಹೋದರೆ ಏನು ಮಹಾ ಎನ್ನಿಸಬಹುದು. ಮೆಕ್ಸಿಕೊದ ವಿಷಯ ಓದಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಬೆನ್ನಿನ ಮೇಲೆ ಮುಳ್ಳು ಹುರುಪೆಗಳಿರುವ ಹಲ್ಲಿಗಳ ಒಂದು ಗುಂಪಿದೆ. ಅದರ 48 ಪ್ರಭೇದಗಳು 1975ರಿಂದ 1995ರ ನಡುವೆ ದಾಖಲಾಗಿದ್ದ 200 ಜಾಗಗಳಿಗೆ ವಿಜ್ಞಾನಿಗಳು ಮತ್ತೆ ಹೋಗಿ ನೋಡಿದರು. ಶೇ 12ರಷ್ಟು ಜಾಗಗಳಲ್ಲಿ ಅವು ಉಳಿದಿರಲಿಲ್ಲ. ಬ್ಯಾರಿ ಸಿನರ್ವೊ ಮತ್ತು ಜೊತೆಗಾರರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಕಾರಣವನ್ನು ನಾನು ಹಲವು ಸಲ ಓದಿದ್ದೇನೆ. ಅವು ಬಿಸಿಲಿಗೆ ಬೆಂದು ಸತ್ತದ್ದಲ್ಲ. ಬಿಸಿಗೆ ಹೆದರಿ ನೆರಳಿನಲ್ಲಿ ಅಡಗಿರಬೇಕಾದ ಗಂಟೆಗಳು ಹೆಚ್ಚಾದವು, ಹೊರಗೆ ಮೇಯುವ ಗಂಟೆಗಳು ಕಡಿಮೆಯಾದವು, ಅದರಲ್ಲಿಯೂ ಮರಿ ಮಾಡುವ ಕಾಲದಲ್ಲಿ. ಹೊಟ್ಟೆ ತುಂಬದ ಹೆಣ್ಣು ಮರಿ ಹೊರುವುದು ಹೇಗೆ? ಹಲ್ಲಿಯಂತೆಯೇ ಬಿಸಿಯಾಗುವ ಸಣ್ಣ ಮಾಪಕಗಳನ್ನು ಅವು ಕೂರುವ ಜಾಗದಲ್ಲೇ ಇಟ್ಟು ಅವರು ಈ ಗಂಟೆಗಳನ್ನು ಲೆಕ್ಕ ಹಾಕಿದ್ದರು. ಮಾಪಕವನ್ನು ಪ್ರಾಣಿ ಇರುವಲ್ಲಿಗೆ ಒಯ್ದ ಆ ಕೆಲಸಕ್ಕೆ ಒಬ್ಬ ವೀಕ್ಷಕನಾಗಿ ನಾನು ಕೈಮುಗಿಯುತ್ತೇನೆ.

ಮೇ ತಿಂಗಳಲ್ಲಿ ನಮ್ಮ ಓತಿಕ್ಯಾತಕ್ಕೆ ದಿನಕ್ಕೆ ಸಿಗುವುದು ಬೆಳಿಗ್ಗೆ ಮೂರು, ಸಂಜೆ ಒಂದೂವರೆ ಗಂಟೆ. ಅದರಲ್ಲಿ ಸೂರ್ಯನೇ ಸ್ವಲ್ಪ ಕಸಿದುಕೊಳ್ಳುತ್ತಿರುವಾಗ, ಉಳಿದದ್ದನ್ನು ಸಿಮೆಂಟು ತುಂಬಿ ನಾವು ಕಸಿಯಬೇಕೇ?

ಸಂಬಂಧಪಟ್ಟವರಲ್ಲಿ ನಾನು ಕೇಳಿಕೊಳ್ಳುವುದು ದೊಡ್ಡದೇನೂ ಅಲ್ಲ. ಸೀಳುಗಳಿಗೆ ಸಿಮೆಂಟು ತುಂಬುವ ಕೆಲಸವನ್ನು ಅಂದಾಜುಪಟ್ಟಿಯಿಂದ ತೆಗೆಯಿರಿ, ಹಣವೂ ಉಳಿಯುತ್ತದೆ. ಹಾವಿನ ಭಯವಿದ್ದರೆ ಮೆಟ್ಟಿಲಿನ ಎರಡೂ ಪಕ್ಕ ಎರಡು ಮಾರು ಸವರಿ, ಅದರಾಚೆಯ ಗಿಡ ಬಿಡಿ. ದಾಖಲಾತಿಯ ನಮೂನೆಯಲ್ಲಿ ದಿನಾಂಕದ ಪಕ್ಕದಲ್ಲಿ ‘ಹೊತ್ತು’ ಮತ್ತು ‘ಬಿಸಿಲೋ ಮೋಡವೋ’ ಎಂಬ ಎರಡು ಅಂಕಣ ಸೇರಿಸಿ. ನಮ್ಮ ಊರಿನದ್ದಕ್ಕೆ ಮಾತ್ರವಲ್ಲ, ಎಲ್ಲ ಊರಿನದ್ದಕ್ಕೂ. ತುಮಕೂರು, ಕೋಲಾರ, ಚಿತ್ರದುರ್ಗ, ರಾಮನಗರ ಸೀಮೆಯಲ್ಲಿ ಇಂತಹ ಎಷ್ಟು ಗುಡ್ಡಗಳು ಮಧ್ಯಾಹ್ನದ ಒಂದು ಭೇಟಿಯಿಂದ ಕಾಗದದ ಮೇಲೆ ಖಾಲಿಯಾಗಿವೆಯೋ ಎಂದು ಯೋಚಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಆ ಮೂವರು ಇನ್ನೊಮ್ಮೆ ಬರಲಿ. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಉಳಿಯಲಿ, ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕಾಗಿಲ್ಲ. ಏಳು ಗಂಟೆಗೆ ಗುಡ್ಡದ ಪಡುವಣ ಬದಿಯಿಂದ ಹತ್ತೋಣ, ನಮ್ಮ ನೆರಳು ಪೂರ್ವದ ಸೀಳಿನ ಮೇಲೆ ಬೀಳಬಾರದು. ಅಲ್ಲೊಂದು ಚಪ್ಪಟೆ ಕಲ್ಲಿದೆ, ನಾಲ್ಕು ಜನ ಕೂರಬಹುದು. ಅಲುಗಾಡದೆ ಒಂದು ಗಂಟೆ ಕೂತರೆ ಸಾಕು. ಮೊದಲು ಒಂದು ತಲೆ ಕಾಣುತ್ತದೆ.

– ನಿವೃತ್ತ ಹವಾಮಾನ ವೀಕ್ಷಕ, ಮಧುಗಿರಿ ತಾಲ್ಲೂಕು